ದ್ವೀಪದಿಂದ ದ್ವೀಪಕ್ಕೆ

ಪ್ರವಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ದಾರಿ. ಅದು ರೈಲಿನ ದಾರಿಯಾಗಲಿ ಮೋಟಾರಿನ ದಾರಿಯಾಗಲಿ, ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ ಹತ್ತಾರು ಊರುಗಳಿರುತ್ತವೆ. ಬಾಯಾರಿದರೆ ಇಳಿಯಬಹುದು, ಹೊತ್ತಾದರೆ ತಂಗಬಹುದು, ಬೇಸರವಾದರೆ ಹಿಂದಿರುಗಲೂಬಹುದು. ದ್ವೀಪದಿಂದ ದ್ವೀಪಕ್ಕೆ ಹೋಗುವವನಿಗೆ ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಅಲ್ಲಿ ಹೊರಡುವ ದಡವುಂಟು, ಸೇರುವ ದಡವುಂಟು. ನಡುವೆ ತಂಗುವ ತಾಣವಿಲ್ಲ. ಆದ್ದರಿಂದ ಅಂಥ ಪ್ರಯಾಣಕ್ಕೆ ಬೇರೆ ಬಗೆಯ ಸಿದ್ಧತೆ ಬೇಕು, ಬೇರೆ ಬಗೆಯ ಮನಸ್ಸೂ ಬೇಕು.

ರಜೆಯ ದಿನಗಳನ್ನು ಕಳೆಯಲು ಬಹು ದೂರದ ದ್ವೀಪಗಳಿಗೆ ಹೋಗಿಬರುವವರು ಈಗ ನಮ್ಮಲ್ಲಿ ಅನೇಕರಿದ್ದಾರೆ. ಆದರೆ ನಮ್ಮ ಪಡುವಣ ಕರಾವಳಿಗೆ ಎದುರಾಗಿ, ಅರಬ್ಬೀ ಸಮುದ್ರದ ನಡುವೆಯೇ ಒಂದು ದ್ವೀಪಮಾಲೆಯಿದೆ. ಅದು ಲಕ್ಷದ್ವೀಪ. ಹೆಸರಿನಲ್ಲಿ ಲಕ್ಷವಿದ್ದರೂ ಎಣಿಕೆಗೆ ಸಿಕ್ಕುವ ದ್ವೀಪಗಳು ಮೂವತ್ತಾರು. ಅವುಗಳಲ್ಲೂ ಜನರು ಊರು ಕಟ್ಟಿಕೊಂಡು ನೆಲೆಸಿರುವುದು ಹತ್ತರಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲವನ್ನು ಒಟ್ಟುಗೂಡಿಸಿದರೂ ಸುಮಾರು 32 ಚದರ ಕಿಲೋಮೀಟರು ಮಾತ್ರ. ಇಷ್ಟು ನೆಲದ ಮೇಲೆ 2011ರ ಜನಗಣತಿಯ ಪ್ರಕಾರ 64,473 ಜನರಿದ್ದರು. ಎಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಮಿಕ್ಕ ಜನ. ಬಿತ್ರ ಎಂಬ ದ್ವೀಪವಂತೂ ಒಂದು ಚದರ ಕಿಲೋಮೀಟರಿನ ಹತ್ತನೆಯ ಒಂದು ಪಾಲಿನಷ್ಟಿದೆ. ಅದೇ ಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 271. ನಮ್ಮ ಒಂದು ಸಣ್ಣ ಹಳ್ಳಿಯನ್ನು ಊರ ಗದ್ದೆ ತೋಟಗಳಿಂದ ಬಿಡಿಸಿ ಕಡಲ ನಡುವೆ ಇಟ್ಟರೆ ಹೇಗೋ ಹಾಗೆ.

ಈ ದ್ವೀಪಗಳಿಗೂ ನಮಗೂ ಇರುವ ನಂಟು ಹೊಸದಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳನ್ನು ಅಮೀನದಿವಿ ಗುಂಪು ಎಂದು ಕರೆಯುತ್ತಿದ್ದರು. ಇವು ಮೊದಲು ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಆ ಆಳ್ವಿಕೆಯಿಂದ ಬೇಸತ್ತ ದ್ವೀಪದ ಕೆಲವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪುಸುಲ್ತಾನನಲ್ಲಿ ಮೊರೆಯಿಟ್ಟರು. ಅಮೀನದಿವಿಗಳು ಮೈಸೂರಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಆಳಲ್ಪಟ್ಟವು. ದ್ವೀಪದವರು ಕತ್ತದ ಹುರಿಯನ್ನು ತಂದೊಪ್ಪಿಸುವುದು, ಸರಕಾರ ಅದಕ್ಕೆ ಬದಲಾಗಿ ಅಕ್ಕಿ ಕೊಡುವುದು, ಇದು ಅಂದಿನ ವ್ಯವಹಾರ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ಅಮೀನದಿವಿಗಳು ಉಳಿದ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ನಾವು ಕನ್ನಡಿಗರೊಡನೆ ಒಂದಾದ ದಿನವೇ ಆ ಐದು ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರೆಯಾದವೆಂದು ನೆನೆಯುವವರು ಈಗ ಕಡಮೆ. ಲಕ್ಷದ್ವೀಪ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1973ರಲ್ಲಿ.

ಆಡಳಿತ ಬೇರೆಯಾದರೂ ಕಡಲಿನ ದಾರಿ ಮುಚ್ಚಿಹೋಗಲಿಲ್ಲ. ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲಿ ದಿನಸಿ, ತರಕಾರಿ, ಜಲ್ಲಿಕಲ್ಲು, ಸಿಮೆಂಟುಗಳನ್ನು ತುಂಬಿಕೊಂಡು ದ್ವೀಪಗಳಿಗೆ ಹೊರಡುವ ಮರದ ಹಡಗುಗಳನ್ನು ಆ ಊರಿನವರು ಬಲ್ಲರು. ದ್ವೀಪದವರು ತಮ್ಮ ಹಾಯಿಹಡಗನ್ನು ‘ಓಡಂ’ ಎನ್ನುತ್ತಾರೆ. ನಮ್ಮ ಹಳೆಯ ಕನ್ನಡದಲ್ಲಿಯೂ ದೋಣಿಗೆ ‘ಓಡ’ವೆಂಬ ಹೆಸರುಂಟು. ಒಂದೇ ಕಡಲಿಗೆ ಮುಖಮಾಡಿ ಬಾಳಿದವರ ಮಾತು ಹೀಗೆ ಕಲೆತಿರುವುದು ಸಹಜವೇ ಸರಿ.

ಈಗ ಪ್ರಯಾಣದ ವಿಚಾರಕ್ಕೆ ಬರೋಣ. ಲಕ್ಷದ್ವೀಪಕ್ಕೆ ಹೊರಗಿನವರು ಹೋಗಬೇಕಾದರೆ ಪ್ರವೇಶಪತ್ರ ಬೇಕು. ಹೋಗುವ ಮುಖ್ಯ ದಾರಿ ಕೊಚ್ಚಿಯಿಂದ. ವಿಮಾನದಲ್ಲಿ ಹೋಗುವವರು ಅಗತ್ತಿ ದ್ವೀಪದಲ್ಲಿ ಇಳಿಯುತ್ತಾರೆ. ಅಲ್ಲಿ 1988ರಿಂದ ವಿಮಾನ ನಿಲ್ದಾಣವಿದೆ. ಉದ್ದವಾದ ಕಿರಿದಾದ ಆ ದ್ವೀಪದ ಒಂದು ತುದಿಯನ್ನು ವಿಮಾನದ ಓಡುಹಾದಿಯೇ ಆಕ್ರಮಿಸಿಕೊಂಡಿದೆ. ಎರಡು ಕಡೆಯೂ ನೀರು. ಆದರೆ ದ್ವೀಪಗಳ ನಡುವಣ ಅಂತರವೇನೆಂಬುದನ್ನು ತಿಳಿಯಬೇಕೆನ್ನುವವರು ಹಡಗಿನಲ್ಲಿಯೇ ಹೋಗಬೇಕು. ಕೊಚ್ಚಿಯಿಂದ ಕಲ್ಪೇನಿಗೆ 287 ಕಿಲೋಮೀಟರು, ಕವರತ್ತಿಗೆ 404, ಅಗತ್ತಿಗೆ 459. ಸಂಜೆ ಅಥವಾ ಮಧ್ಯಾಹ್ನ ಹೊರಟರೆ ಒಂದು ರಾತ್ರಿ ಪೂರ್ತಿ ಸಮುದ್ರದ ಮೇಲೆ. ಹಡಗೇ ವಸತಿಗೃಹವಾಗಿ, ರಾತ್ರಿಯೆಲ್ಲ ಸಾಗಿ, ಬೆಳಗಾದೊಡನೆ ಒಂದು ದ್ವೀಪಕ್ಕೆ ಮುಟ್ಟಿ, ಹಗಲು ಅಲ್ಲಿ ಕಳೆದು, ಸಂಜೆ ಮತ್ತೆ ಹಡಗನ್ನೇರಿ ಇನ್ನೊಂದು ದ್ವೀಪಕ್ಕೆ ಹೊರಡುವ ಪ್ರವಾಸಕ್ರಮವೂ ಇಲ್ಲಿ ರೂಢಿಗೆ ಬಂದಿದೆ. ಹೊಸಬರಿಗೆ ಮೊದಲ ರಾತ್ರಿ ತಲೆಸುತ್ತು ಬಂದರೆ ಆಶ್ಚರ್ಯವಿಲ್ಲ. ಹೊಟ್ಟೆ ತುಂಬ ಉಣ್ಣದೆ, ಹಡಗಿನ ನಡುಭಾಗದಲ್ಲಿ ಗಾಳಿಗೆ ಮುಖವೊಡ್ಡಿ, ದೂರದ ದಿಗಂತವನ್ನು ನೋಡುತ್ತ ಕುಳಿತರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಬೆಳಗ್ಗೆ ಎದ್ದು ನೋಡಿದರೆ ಗುಡ್ಡವಿಲ್ಲ, ಬೆಟ್ಟವಿಲ್ಲ. ನೀರಿನ ಮೇಲೆ ಹಸಿರು ಗೆರೆಯೊಂದನ್ನು ಎಳೆದಂತೆ ತೆಂಗಿನ ತಲೆಗಳು ಮಾತ್ರ ಕಾಣುತ್ತವೆ. ಈ ದ್ವೀಪಗಳ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರ. ಹೀಗಾಗಿ ಸಣ್ಣ ನೌಕೆಯಲ್ಲಿ ಕುಳಿತವನಿಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗಿಂತ ದೂರದಲ್ಲಿ ದ್ವೀಪವಿದೆಯೆಂಬ ಸುಳಿವೇ ಸಿಕ್ಕುವುದಿಲ್ಲ. ಯಂತ್ರಗಳಿಲ್ಲದ ಕಾಲದಲ್ಲಿ ಓಡದ ಮಾಲಮಿಗಳು ಇಂಥ ಗುರಿಯನ್ನು ಮುಟ್ಟಿದ್ದು ಹೇಗೆ? ಅವರ ಬಳಿ ಒಂದು ಚಿಕ್ಕ ಮರದ ಹಲಗೆ, ಅದರ ನಡುವಿಗೆ ಕಟ್ಟಿದ ಗಂಟುಗಳ ದಾರ ಇದ್ದವು. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವ ನಕ್ಷತ್ರಕ್ಕೂ ಸರಿಹೊಂದಿಸಿ ಅದರ ಎತ್ತರವನ್ನು ಅಳೆಯುತ್ತಿದ್ದರು. ಧ್ರುವ ನಕ್ಷತ್ರದ ಎತ್ತರವೆಂದರೆ ನಾವಿರುವ ಅಕ್ಷಾಂಶವೇ. ಸೇರಬೇಕಾದ ದ್ವೀಪದ ಅಕ್ಷಾಂಶಕ್ಕೆ ಮುಟ್ಟಿದ ಮೇಲೆ ಆ ಎತ್ತರ ತಪ್ಪದಂತೆ ನೇರವಾಗಿ ಸಾಗುವುದು. ಸಂಜೆ ಗೂಡಿಗೆ ಮರಳುವ ಹಕ್ಕಿಗಳನ್ನು ಗಮನಿಸುವುದು. ಶ್ರಾವಣ ಭಾದ್ರಪದಗಳ ಲೆಕ್ಕದಂತೆಯೇ ಅವರಿಗೆ ನಕ್ಷತ್ರಗಳ ಲೆಕ್ಕವೂ ಬಾಯಿಪಾಠವಾಗಿರುತ್ತಿತ್ತು. ದಿಕ್ಕು ತಪ್ಪಿದರೆ ಕೇಳಲು ದಾರಿಹೋಕರಿಲ್ಲವಷ್ಟೆ.

ಹಡಗು ದ್ವೀಪದ ಹತ್ತಿರ ಬಂದರೂ ದಡಕ್ಕೆ ಹತ್ತುವುದಿಲ್ಲ. ದೂರದಲ್ಲೇ ನಿಲ್ಲುತ್ತದೆ. ಪ್ರಯಾಣಿಕರು ಹಡಗಿನ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಎದ್ದಾಗ ದೋಣಿ ಬಾಗಿಲಿನ ಮಟ್ಟಕ್ಕೆ ಬರುತ್ತದೆ, ಮರುಗಳಿಗೆ ಒಂದಾಳು ಆಳಕ್ಕೆ ಇಳಿಯುತ್ತದೆ. ದೋಣಿಯವರು ಇಬ್ಬರು ನಿಂತು ನಮ್ಮ ಎರಡು ರಟ್ಟೆಗಳನ್ನೂ ಹಿಡಿದು, ಅಲೆಯ ಲೆಕ್ಕ ನೋಡಿ, ‘ಈಗ’ ಎಂದಾಗ ಕಾಲಿಡಬೇಕು. ಆಗ ಅನುಮಾನಿಸಬಾರದು, ಆತುರಪಡಲೂಬಾರದು. ಮುದುಕರನ್ನೂ ಬಾಣಂತಿಯರನ್ನೂ ಹಸುಗೂಸುಗಳನ್ನೂ ಹೀಗೆಯೇ ಇಳಿಸಿಕೊಂಡ ಕೈಗಳು ಅವು. ನಂಬಿ ಕಾಲಿಟ್ಟವರಿಗೆ ಭಯವಿಲ್ಲ.

ಹಡಗು ದೂರ ನಿಲ್ಲುವುದೇಕೆಂಬುದನ್ನು ತಿಳಿಯಬೇಕಾದರೆ ದ್ವೀಪ ಹುಟ್ಟಿದ ಬಗೆಯನ್ನು ತಿಳಿಯಬೇಕು. ಲಕ್ಷದ್ವೀಪದ ನೆಲವೆಲ್ಲ ಹವಳದ ಹುಳುಗಳು ಕಟ್ಟಿದ್ದು. ಸಾಸಿವೆ ಕಾಳಿನಷ್ಟೋ ಅದಕ್ಕೂ ತುಸು ದೊಡ್ಡದೋ ಆದ ಈ ಜೀವಿಗಳು ಸಮುದ್ರದ ನೀರಿನಿಂದ ಸುಣ್ಣವನ್ನು ತೆಗೆದುಕೊಂಡು ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಒಂದರ ಮೇಲೊಂದು ತಲೆಮಾರು ಕಟ್ಟುತ್ತ ಬಂದು, ಸಮುದ್ರದೊಳಗಿನ ಬೆಟ್ಟದ ನೆತ್ತಿಯ ಸುತ್ತ ಬಳೆಯಂಥ ಒಂದು ಗೋಡೆ ಏಳುತ್ತದೆ. ಕೆಳಗಿನ ಬೆಟ್ಟ ಮೆಲ್ಲಮೆಲ್ಲನೆ ಕುಸಿಯುತ್ತ ಹೋದಂತೆ ಮೇಲಿನ ಹವಳದ ಗೋಡೆ ಬೆಳೆಯುತ್ತ ಹೋಗುತ್ತದೆಂದು 1842ರಲ್ಲಿ ಚಾರ್ಲ್ಸ್ ಡಾರ್ವಿನನು ತನ್ನ ಗ್ರಂಥವೊಂದರಲ್ಲಿ ವಿವರಿಸಿದನು. ಈ ಬಳೆಯ ಒಳಗಡೆ ಉಳಿಯುವ ತಿಳಿನೀರಿನ ಕೊಳವೇ ಲಗೂನು. ಅಲೆಗಳು ಒಡೆದು ತಂದ ಹವಳದ ಮರಳು ಬಳೆಯ ಒಂದು ಅಂಚಿನಲ್ಲಿ ರಾಶಿಯಾಗಿ ದ್ವೀಪವಾಗುತ್ತದೆ. ಲಕ್ಷದ್ವೀಪದಲ್ಲಿ ಹೆಚ್ಚಿನ ದ್ವೀಪಗಳು ಬಳೆಯ ಪೂರ್ವದ ಅಂಚಿನಲ್ಲಿವೆ, ಲಗೂನು ಪಡುವಣಕ್ಕಿದೆ. ಗೋಡೆಯ ಹೊರಗೆ ಸಮುದ್ರ ಅತ್ಯಂತ ಆಳ, ಒಳಗೆ ಆಳವೇ ಇಲ್ಲ. ಆದ್ದರಿಂದ ದೊಡ್ಡ ಹಡಗು ಹೊರಗೇ ನಿಲ್ಲಬೇಕು, ಗೋಡೆಯಲ್ಲಿನ ಕಿಂಡಿಯ ಮೂಲಕ ಸಣ್ಣ ದೋಣಿಗಳು ಒಳಹೊಗಬೇಕು.

‘ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರು’ ಎಂಬ ಗಾದೆಯನ್ನು ನಾವು ಬಲ್ಲೆವು. ಆ ಗಾದೆಯನ್ನು ಕಟ್ಟಿದವರು ಲಗೂನನ್ನು ನೋಡಿರಲಿಲ್ಲವೆಂದು ತೋರುತ್ತದೆ. ಇಲ್ಲಿ ಮೊಳಕಾಲುದ್ದದ ನೀರೇ ಪುಣ್ಯ. ಮಕ್ಕಳು ಅದರಲ್ಲಿ ಆಡುತ್ತಾರೆ. ತೆಂಗಿನ ಸಿಪ್ಪೆಯನ್ನು ಅದರ ಅಂಚಿನಲ್ಲಿ ಹೂತು ತಿಂಗಳುಗಟ್ಟಲೆ ಕೊಳೆಯಿಸಿ ಕತ್ತ ತೆಗೆಯುತ್ತಾರೆ. ಟ್ಯೂನಾ ಮೀನಿನ ಬೇಟೆಗೆ ಬೇಕಾದ ಚಿಕ್ಕ ಮೀನುಗಳನ್ನು ಅದರಲ್ಲೇ ಹಿಡಿಯುತ್ತಾರೆ. ಮುಂಗಾರಿನ ರಭಸದ ಅಲೆ ಪಡುವಣದಿಂದ ಬಂದಾಗ ಆ ಹವಳದ ಗೋಡೆಗೆ ತಲೆ ಚಚ್ಚಿಕೊಂಡು ಸೋತು, ಲಗೂನನ್ನು ದಾಟಿ ಮನೆಯ ಮುಂದಿನ ಮರಳಿಗೆ ಬರುವಷ್ಟರಲ್ಲಿ ಸಾಧುವಾಗಿರುತ್ತದೆ. ಆ ಗೋಡೆಯೊಂದಿಲ್ಲದಿದ್ದರೆ ಕೆಲವೇ ಅಡಿ ಎತ್ತರದ ಈ ನೆಲ ಉಳಿಯುತ್ತಿರಲಿಲ್ಲ.

ಮಳೆಗಾಲದಲ್ಲಿ ಪ್ರಯಾಣದ ಬಗೆಯೇ ಬೇರೆ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರಿನ ನಡುವಿನವರೆಗೆ ಸಣ್ಣ ಹಡಗುಗಳು ಕಡಲಿಗಿಳಿಯುವುದಿಲ್ಲ. ದೊಡ್ಡ ಹಡಗುಗಳು ಬಂದರೂ ಪಡುವಣದ ಕಿಂಡಿಯಲ್ಲಿ ದೋಣಿ ನುಗ್ಗಿಸುವುದು ಅಪಾಯವಾದ್ದರಿಂದ ದ್ವೀಪದ ಪೂರ್ವದ ಮಗ್ಗುಲಲ್ಲಿ ಇಳಿಸಬೇಕಾಗುತ್ತದೆ. ಪ್ರವಾಸಿಗಳಿಗೆ ಒಳ್ಳೆಯ ಕಾಲವೆಂದರೆ ಅಕ್ಟೋಬರಿನಿಂದ ಮುಂದಿನ ಏಪ್ರಿಲಿನವರೆಗೆ.

ಹೊರಗಿನಿಂದ ನೋಡಿದರೆ ಈ ದ್ವೀಪಗಳೆಲ್ಲ ಒಂದೇ ಅಚ್ಚಿನವೆಂದು ತೋರುತ್ತದೆ. ಇಳಿದು ನೋಡಿದರೆ ಹಾಗಲ್ಲ. ಕವರತ್ತಿ ಆಡಳಿತದ ಊರು. ಅಲ್ಲಿಯ ಉಜ್ರಾ ಮಸೀದಿಯ ಛಾವಣಿಯ ಮರಗೆತ್ತನೆಯನ್ನು ನೋಡಲೇಬೇಕು. ಕಲ್ಪೇನಿಯ ಪೂರ್ವ ದಡದುದ್ದಕ್ಕೂ ಒಡೆದ ಹವಳದ ಬಂಡೆಗಳ ಒಂದು ದಿಬ್ಬವಿದೆ. ಅದು 1847ರ ಭಯಂಕರ ಬಿರುಗಾಳಿ ಸಮುದ್ರದಿಂದ ಎತ್ತಿ ಎಸೆದದ್ದು. ಆ ಬಿರುಗಾಳಿ ಕಲ್ಪೇನಿ ಆಂಡ್ರೋತ್‌ಗಳನ್ನು ಹಾಳುಗೆಡವಿತು. ತೆಂಗು ಹೋದ ಮೇಲೆ ಜನ ಬದುಕುವುದೇ ಕಷ್ಟವಾಯಿತು. ಕುಟುಂಬದ ಆಸ್ತಿ ಇಲ್ಲಿ ಹೆಣ್ಣಿನ ಕಡೆಯಿಂದ ಇಳಿದುಬರುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಇದು ಪರಿಚಿತವೇ. ಪಿತ್ರಾರ್ಜಿತವಾದ ಮನೆತನದ ಆಸ್ತಿಗೆ ಅವರು ‘ಶುಕ್ರವಾರದ ಸೊತ್ತು’ ಎಂದೂ, ತಾನು ಸ್ವಂತ ದುಡಿದದ್ದಕ್ಕೆ ‘ಸೋಮವಾರದ ಸೊತ್ತು’ ಎಂದೂ ಹೇಳುವ ವಾಡಿಕೆಯಿದೆ.

ಕಲ್ಪೇನಿಯಿಂದ ದಕ್ಷಿಣಕ್ಕೆ ಮಿನಿಕೊಯ್ ದ್ವೀಪಕ್ಕೆ ಹೊರಟರೆ ಮಧ್ಯೆ ಸುಮಾರು ಇನ್ನೂರು ಕಿಲೋಮೀಟರಿನ ಅಗಲವಾದ ಒಂಬತ್ತು ಡಿಗ್ರಿ ಕಾಲುವೆ. ಪಶ್ಚಿಮದ ದೇಶಗಳಿಗೂ ಪೂರ್ವದ ದೇಶಗಳಿಗೂ ನಡುವೆ ಓಡಾಡುವ ದೊಡ್ಡ ದೊಡ್ಡ ಹಡಗುಗಳಿಗೆ ಇದು ರಾಜಮಾರ್ಗ. ಅವುಗಳಿಗೆ ದಾರಿ ತೋರಲೆಂದೇ ಮಿನಿಕೊಯ್‌ನಲ್ಲಿ 1885ರಿಂದ ದೀಪಸ್ತಂಭವೊಂದು ಉರಿಯುತ್ತಿದೆ. ಕಾಲುವೆ ದಾಟಿದೊಡನೆ ಭಾಷೆಯೇ ಬದಲಾಗುತ್ತದೆ. ಉಳಿದ ದ್ವೀಪಗಳಲ್ಲಿ ಮಲಯಾಳದ ಒಂದು ಬಗೆಯನ್ನು ಆಡಿದರೆ ಮಿನಿಕೊಯ್‌ನಲ್ಲಿ ಮಹಲ್ ಭಾಷೆ. ಅದು ಮಾಲ್ದೀವಿನ ನುಡಿಗೆ ಸೇರಿದ್ದು, ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿ ಅದಕ್ಕಿದೆ. ಅಲ್ಲಿಯವರು ಉದ್ದನೆಯ ಕೋಲಿಗೆ ಗಾಳ ಕಟ್ಟಿ ಟ್ಯೂನಾ ಮೀನನ್ನು ಒಂದೊಂದಾಗಿ ಎತ್ತುತ್ತಾರೆ. ಬಲೆ ಹರಡಿ ಕಡಲನ್ನು ಬರಿದುಮಾಡುವ ಕ್ರಮಕ್ಕಿಂತ ಇದು ಎಷ್ಟೋ ಮೇಲೆಂದು ತಜ್ಞರು ಹೇಳುತ್ತಾರೆ. ಮಿನಿಕೊಯ್‌ನ ಗಂಡಸರು ಜಗತ್ತಿನ ನಾನಾ ಹಡಗುಗಳಲ್ಲಿ ನಾವಿಕರಾಗಿ ದುಡಿಯುತ್ತಾರೆ. ಊರಿನ ಬಾಳನ್ನು ನಡೆಸುವುದರಲ್ಲಿ ಹೆಂಗಸರ ಪಾತ್ರ ಅಲ್ಲಿ ಬಲು ದೊಡ್ಡದು.

ಇಷ್ಟನ್ನೂ ನೋಡಿ ಸಂತೋಷಪಡುವ ಅತಿಥಿ ಎರಡು ವಿಷಯಗಳನ್ನು ಮರೆಯಬಾರದು. ಮೊದಲನೆಯದು ನೀರು. ‘ಊರಿಗೆ ಬಂದವಳು ನೀರಿಗೆ ಬಾರಳೆ’ ಎನ್ನುತ್ತೇವೆ. ದ್ವೀಪದಲ್ಲಿ ಆ ನೀರು ಎಲ್ಲಿಂದ? ಅಲ್ಲಿ ನದಿಯಿಲ್ಲ, ಕೆರೆತೊರೆಗಳ ಆಸರೆಯಿಲ್ಲ. ವರ್ಷದಲ್ಲಿ ಬೀಳುವ ಸುಮಾರು 1600 ಮಿಲಿಮೀಟರು ಮಳೆ ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗಿನ ಮಸೂರದಂತೆ ತೇಲುತ್ತಿರುತ್ತದೆ. ಬಾವಿ ತೋಡಿದರೆ ಸಿಕ್ಕುವುದು ಅದೇ. ಸಮುದ್ರದ ಏರಿಳಿತಕ್ಕೆ ಸರಿಯಾಗಿ ಬಾವಿಯ ನೀರೂ ಏರಿ ಇಳಿಯುತ್ತದೆ. ಅಗತ್ಯಕ್ಕಿಂತ ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ; ಬಚ್ಚಲಿನ ಕೊಳೆ ಇಳಿದರೆ ಅದೂ ಅದರಲ್ಲೇ ಸೇರುತ್ತದೆ. ಈ ಕಷ್ಟವನ್ನು ಕಂಡು 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರವೊಂದನ್ನು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಸ್ಥಾಪಿಸಿದರು. ಮೇಲಿನ ಬೆಚ್ಚನೆಯ ನೀರನ್ನು ಕಡಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಉಪಾಯ ಅದು. ದಿನಕ್ಕೆ ಒಂದು ಲಕ್ಷ ಲೀಟರು ಅದರ ಅಳವು. 2011ರಲ್ಲಿ ಮಿನಿಕೊಯ್ ಅಗತ್ತಿಗಳಲ್ಲೂ ಅಂಥವು ಬಂದವು. ಆದರೂ ಒಂದೊಂದು ಕೊಡದ ಹಿಂದೆ ಎಷ್ಟು ಶ್ರಮವಿದೆಯೆಂಬುದನ್ನು ಎಣಿಸಿದರೆ, ಬೇಸಗೆಯಲ್ಲಿ ಮೂರು ಹೊತ್ತೂ ಮೀಯುವ ನಮ್ಮ ರಜೆಯ ಹವ್ಯಾಸವನ್ನು ಅಲ್ಲಿ ಬಿಟ್ಟುಬರುವುದು ಲೇಸು.

ಎರಡನೆಯದು ಹವಳ. ಹವಳದ ಹುಳುವಿನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯೊಂದು ವಾಸಿಸುತ್ತದೆ. ಅದೇ ಅದರ ಅನ್ನದಾತ, ಅದರ ಬಣ್ಣವೂ ಅದೇ. ಸಮುದ್ರದ ನೀರು ವಾಡಿಕೆಗಿಂತ ಬಿಸಿಯಾಗಿ ಹಲವು ವಾರ ಹಾಗೇ ನಿಂತರೆ ಆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ, ತಾಪ ಬೇಗ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳಲು ಹವಳಕ್ಕೆ ಹತ್ತಾರು ವರ್ಷ ಬೇಕು; ಪೆಟ್ಟುಗಳ ನಡುವಣ ಬಿಡುವೇ ಕಿರಿದಾಗುತ್ತಿದೆ. ಸತ್ತ ಗೋಡೆ ಬೆಳೆಯುವುದಿಲ್ಲ. ಅಲೆ ಅದನ್ನು ತೇಯುತ್ತ ಹೋಗುತ್ತದೆ. ಅತ್ತ ಸಮುದ್ರದ ಮಟ್ಟ ಏರುತ್ತಿದೆ. ಪರಳಿ ಎಂಬ ಜನವಸತಿಯಿಲ್ಲದ ಒಂದು ಕಿರುದ್ವೀಪ ಸವೆದು ನೀರಿನಡಿಗೆ ಹೋಯಿತೆಂಬುದು 2017ರಲ್ಲಿ ಬೆಳಕಿಗೆ ಬಂದಿತು. ಸಮುದ್ರವನ್ನು ತಂಪು ಮಾಡುವುದು ಒಬ್ಬ ಪ್ರವಾಸಿಯ ಕೈಯಲ್ಲಿಲ್ಲ, ನಿಜ. ಆದರೆ ಹವಳವನ್ನು ತುಳಿಯದಿರುವುದು, ಮುರಿದು ಚೀಲಕ್ಕೆ ಹಾಕಿಕೊಳ್ಳದಿರುವುದು, ಪ್ಲಾಸ್ಟಿಕ್ಕನ್ನು ಅಲ್ಲಿ ಬಿಡದೆ ಮರಳಿ ತರುವುದು ನಮ್ಮ ಕೈಯಲ್ಲಿದೆ. ಗಟ್ಟಿಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾನೂನಿನ ಆಶ್ರಯವುಂಟು. ತುಣುಕು ತಂದರೂ ಅಪರಾಧವೇ.

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಭೇಟಿಯಿತ್ತ ತರುವಾಯ ಅಲ್ಲಿಗೆ ಹೋಗಬೇಕೆನ್ನುವವರ ಸಂಖ್ಯೆ ಹೆಚ್ಚಿದೆ. ಹೋಗುವುದು ತಪ್ಪಲ್ಲ, ದ್ವೀಪದ ಎಷ್ಟೋ ಮನೆಗಳಿಗೆ ಅದರಿಂದ ನಾಲ್ಕು ಕಾಸಿನ ಸಂಪಾದನೆಯೂ ಉಂಟು. ಆದರೆ ಒಂದು ಮಾತು. ನಾವು ವಿಹಾರಕ್ಕೆಂದು ಹತ್ತುವ ಹಡಗು ದ್ವೀಪದವರ ಬಸ್ಸು, ಅವರ ಅಕ್ಕಿಯ ಗಾಡಿ, ಅವರ ರೋಗಿಯ ದಾರಿ. ಕೊಚ್ಚಿಯ ಆಸ್ಪತ್ರೆಗೆ ಹೊರಟ ತಾಯಿ, ಕಾಲೇಜಿಗೆ ಹೊರಟ ಮಗ, ಮದುವೆಯ ಜವಳಿ ತರಲು ಹೊರಟ ತಂದೆ, ಎಲ್ಲರೂ ಅದನ್ನೇ ಕಾಯುತ್ತಾರೆ. ತೀರ ತುರ್ತಿನ ರೋಗಿಗಳನ್ನು ಹೆಲಿಕಾಪ್ಟರಿನಲ್ಲಿ ಒಯ್ಯುವ ಏರ್ಪಾಡಿದೆ. ಉಳಿದವರ ಪಾಲಿಗೆ ಹಡಗೇ ಗತಿ. ಹಡಗು ಒಂದು ದಿನ ತಡವಾದರೆ ನಮ್ಮ ರಜೆ ಒಂದು ದಿನ ಕಿರಿದಾಗಬಹುದು. ಅವರ ಲೆಕ್ಕ ಬೇರೆ. ಪ್ರವಾಸದ ವ್ಯವಸ್ಥೆ ಮಾಡುವವರು ಈ ಎರಡು ಅಗತ್ಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ರವಾಸಿಗಳಾದ ನಾವೂ ಜಾಗ ಸಿಕ್ಕದಿದ್ದಾಗ, ದೋಣಿ ತಡವಾದಾಗ ಗೊಣಗುವ ಮೊದಲು ಪಕ್ಕದಲ್ಲಿ ಯಾರು ಕಾಯುತ್ತಿದ್ದಾರೆಂದು ಒಮ್ಮೆ ತಿರುಗಿ ನೋಡಬೇಕು.

ಹೋಗಬೇಕೆಂದಿರುವವರು ಪ್ರವೇಶಪತ್ರಕ್ಕೆ ಮೊದಲೇ ಅರ್ಜಿ ಹಾಕಿರಿ. ಹಿಂದಿರುಗುವ ದಿನಕ್ಕೂ ಕಚೇರಿಗೆ ಹಾಜರಾಗುವ ದಿನಕ್ಕೂ ನಡುವೆ ಒಂದೆರಡು ದಿನ ಬಿಡುವು ಇಟ್ಟುಕೊಳ್ಳಿರಿ. ಸಮುದ್ರ ನಮ್ಮ ಪಂಚಾಂಗವನ್ನು ನೋಡುವುದಿಲ್ಲ. ಸಾಮಾನು ಒಂದು ಕೈಯಲ್ಲಿ ಹಿಡಿಯುವಷ್ಟೇ ಇರಲಿ, ದೋಣಿಗೆ ಇಳಿಯುವಾಗ ಇನ್ನೊಂದು ಕೈ ಬೇಕಾಗುತ್ತದೆ. ಊರಿನೊಳಗೆ ಹೋಗುವಾಗ ಆ ಊರಿನವರ ಮರ್ಯಾದೆಗೆ ತಕ್ಕ ಉಡುಪು ತೊಟ್ಟುಕೊಳ್ಳಿರಿ. ಎಳನೀರು ಕೊಟ್ಟರೆ ಕುಡಿಯಿರಿ. ಬಾವಿಯ ನೀರನ್ನು ಮಿತವಾಗಿ ಬಳಸಿರಿ. ಮಂಗಳೂರಿನಿಂದ ಬಂದವರೆಂದು ಅಮೀನಿಯಲ್ಲಿಯೋ ಕಡಮತ್‌ನಲ್ಲಿಯೋ ಯಾರಾದರೂ ಹಿರಿಯರೊಡನೆ ಹೇಳಿ ನೋಡಿರಿ. ಅವರ ಹಿರಿಯರು ಓಡದಲ್ಲಿ ಕತ್ತ ತುಂಬಿಕೊಂಡು ಬಂದು ಅಕ್ಕಿ ಒಯ್ದದ್ದು ನಮ್ಮ ದಕ್ಕೆಯಿಂದಲೇ.